ತಜ್ಞರು ಬೇಕಾಗಿದ್ದಾರೆ

ಯಾವುದೋ ಕಂಪೆನಿಯು ಬೆಂಗಳೂರಿನ ತನ್ನ ಅಭಿವೃದ್ಧಿ ಕೇಂದ್ರವನ್ನು ವಿಸ್ತರಿಸುವುದೆಂದೂ, ಇಂತಿಂಥ ವಿಷಯದ ತಜ್ಞರು ಬೇಕಾಗಿರುವರೆಂದೂ ಪತ್ರಿಕೆಯಲ್ಲಿ ವಾರ್ತೆ ಬಂದೊಡನೆಯೇ ಅನೇಕ ಮನೆಗಳಲ್ಲಿ ಮಕ್ಕಳ ವ್ಯಾಸಂಗದ ದಿಕ್ಕು ಬದಲಾಗುವುದನ್ನು ನಾವು ಕಾಣುತ್ತಿದ್ದೇವೆ. ನಿನ್ನೆಯವರೆಗೆ ಭೌತಶಾಸ್ತ್ರದಲ್ಲಿ ಮನಸ್ಸಿಟ್ಟಿದ್ದ ಬಾಲಿಕೆಯು ಇನ್ನು ಆ ಒಂದು ವಿದ್ಯೆಯನ್ನೇ ಕಲಿಯತಕ್ಕದ್ದೆಂದು ಆಜ್ಞೆಯಾಗುತ್ತದೆ.

ತಜ್ಞನೆಂದರೆ ‘ತತ್’ ಎಂಬುದನ್ನು, ಅರ್ಥಾತ್ ‘ಅದನ್ನು’, ಬಲ್ಲವನು. ಯಾವುದನ್ನು? ಪದವು ಹೇಳುವುದಿಲ್ಲ. ತಾಯಿತಂದೆಗಳು ಯೋಚಿಸಬೇಕಾದುದು ಇಲ್ಲಿಯೇ.

ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಎಂಬ ಅಮೆರಿಕದ ಕಂಪೆನಿಯು 1985ರಲ್ಲಿ ಬೆಂಗಳೂರಿನಲ್ಲಿ ತನ್ನ ಕೇಂದ್ರವನ್ನು ತೆರೆಯಿತಷ್ಟೆ. ಉಪಗ್ರಹದ ಮೂಲಕ ಹೊರದೇಶಕ್ಕೆ ಸಂಪರ್ಕ ಕಲ್ಪಿಸತಕ್ಕ ಸಾಮಗ್ರಿಯು ಅಲ್ಲಿಗೆ ಎತ್ತಿನ ಗಾಡಿಯಲ್ಲಿ ಬಂದಿತೆಂಬುದು ಪ್ರಸಿದ್ಧವಾದ ಸಂಗತಿ; ನಮಗೇನೋ ಆ ಎತ್ತುಗಳ ಮೇಲೆಯೇ ಹೆಚ್ಚು ಅಭಿಮಾನ. ಮೊದಲು ಅಲ್ಲಿಯ ಎಂಜಿನಿಯರುಗಳಿಗೆ ದೊರೆತ ಕಾರ್ಯವು ಚಿಪ್‌ಗಳ ರಚನೆಯಲ್ಲ, ಅವುಗಳನ್ನು ರಚಿಸುವವರಿಗೆ ನೆರವಾಗುವ ಸಾಫ್ಟ್‌ವೇರನ್ನು ಬರೆಯುವುದು. ಅಡುಗೆಯನ್ನು ಬೇರೆಯವರು ಮಾಡುವರು, ಪಾತ್ರೆಯನ್ನು ಇವರು ಒದಗಿಸತಕ್ಕದ್ದು ಎಂಬಂತೆ. ಹದಿಮೂರು ವರ್ಷಗಳು ಕಳೆದು 1998ನೆಯ ಇಸವಿ ಬರುವಷ್ಟರಲ್ಲಿ ಅದೇ ಕೇಂದ್ರದವರು ಧ್ವನಿಯೇ ಮೊದಲಾದ ಸಂಕೇತಗಳನ್ನು ಅಂಕಿಗಳ ರೂಪದಲ್ಲಿ ಅತಿ ಶೀಘ್ರವಾಗಿ ಗಣಿಸುವ ಚಿಪ್ಪೊಂದನ್ನು ಸಂಪೂರ್ಣವಾಗಿ ತಾವೇ ರಚಿಸಿದರು. ಅದಕ್ಕೆ ಇಟ್ಟ ಹೆಸರು ‘ಅಂಕುರ’. ಜೀವಮಾನವೆಲ್ಲ ಶಬ್ದರೂಪಗಳನ್ನು ಒಪ್ಪಿಸಿಕೊಂಡವರಾದ ನಮಗೆ ಈ ನಾಮಕರಣದಿಂದ ಆದ ಸಂತೋಷವನ್ನು ವಾಚಕರು ಮನ್ನಿಸಬೇಕು.

1985ರ ‘ಅದು’ ಬೇರೆ, 1998ರ ‘ಅದು’ ಬೇರೆ. ಇವೆರಡನ್ನೂ ದಾಟಿಸಿದುದು ಗಣಿತ, ಭೌತಶಾಸ್ತ್ರ, ವಿದ್ಯುಚ್ಛಾಸ್ತ್ರಗಳ ತಳಹದಿಯಲ್ಲದೆ ಮತ್ತೇನು? ಆ ತಳಹದಿಯನ್ನು ಹಾಕಿದುದು ಕಂಪೆನಿಯಲ್ಲ. ಟಾಟಾರವರ ವಿಜ್ಞಾನ ಸಂಸ್ಥೆಯು 1909ರಿಂದಲೂ ಊರಿನಲ್ಲಿತ್ತು. ದೂರವಾಣಿ ಕಾರ್ಖಾನೆ 1948ರಲ್ಲಿಯೂ ಭಾರತ್ ಎಲೆಕ್ಟ್ರಾನಿಕ್ಸ್ 1954ರಲ್ಲಿಯೂ ಬಂದುವು. ಬಿತ್ತಿದವರು ಯಾರೋ, ಕಂಪೆನಿಯು ಬಂದುದು ಬೆಳೆಯ ಕಾಲಕ್ಕೆ.

ತನಗೆ ಬೇಕಾದ ವಿಶೇಷ ವಿದ್ಯೆಯನ್ನಾದರೋ ಕಂಪೆನಿಗಳೇ ಕಲಿಸಿಕೊಳ್ಳುವುದುಂಟು. ಮೈಸೂರಿನ ಇನ್ಫೋಸಿಸ್ ವಿದ್ಯಾಕೇಂದ್ರದಲ್ಲಿ ಹೊಸ ಪದವೀಧರರಿಗೆ ಕೆಲವು ತಿಂಗಳ ಪಾಠವಾದ ಮೇಲೆಯೇ ಕೆಲಸ. ಬೀಜಗಣಿತವನ್ನು ಮೊದಲಿನಿಂದ ಹೇಳಿಕೊಡಲು ಅಲ್ಲಿ ಯಾರಿಗೂ ವಿರಾಮವಿರದು.

ಆದುದರಿಂದ, ಆರು ತಿಂಗಳಲ್ಲಿ ತಜ್ಞರನ್ನಾಗಿ ಮಾಡುವೆವೆಂಬ ಶಿಕ್ಷಣಕ್ಕಾಗಿ ಮನೆಯಾಕೆಯ ಬಳೆಗಳನ್ನು ಒತ್ತೆಯಿಡುವ ಮುನ್ನ, ಅದರಲ್ಲಿ ಗಣಿತಕ್ಕೆ ಎಷ್ಟು ಗಂಟೆಗಳೆಂದು ಕೇಳಿ ನೋಡಿರಿ. ಶುಲ್ಕವೆಷ್ಟೆಂಬುದನ್ನು ಅವರು ಕೇಳದೆಯೇ ಹೇಳುತ್ತಾರೆ.