ತಂತಿಯನ್ನು ಸಡಿಲಿಸಿದರೆ ಮಂದ್ರವಾದೀತೆ?

ಹುಳಿಯಾರಿನ ಸುತ್ತಣ ತೆಂಗಿನ ಸೀಮೆಯಲ್ಲಿ ಹಗಲೆಲ್ಲ ಕಾಯಿ ಸುಲಿದು, ತೋಟಕ್ಕೆ ನೀರು ಹಾಯಿಸಿ ದಣಿದವರು ರಾತ್ರಿ ಗುಡಿಯ ಜಗಲಿಯಲ್ಲಿ ಕುಳಿತು ತತ್ತ್ವಪದಗಳನ್ನು ಹಾಡುವ ವಾಡಿಕೆ ಇಂದಿಗೂ ಉಂಟು. ಅಂತಹ ಒಂದು ಭಜನಾ ಮಂಡಳಿಯ ಹಿರಿಯರು ಕಳೆದ ವರ್ಷ ತಮ್ಮ ತಂಬೂರಿಯನ್ನು ನನ್ನಲ್ಲಿಗೆ ತಂದರು. “ಮೇಷ್ಟ್ರೇ, ವಯಸ್ಸಾಯಿತು, ಕಂಠ ಇಳಿಯಿತು. ಶ್ರುತಿಯನ್ನೂ ಇಳಿಸಿದೆ, ಈಗ ತಂತಿ ಸತ್ತ ಹಾಗಿದೆ. ಇದನ್ನು ಗೋಡೆಗೆ ತೂಗುಹಾಕಿ ವಿದ್ಯುತ್ತಿನ ಶ್ರುತಿಪೆಟ್ಟಿಗೆ ತರೋಣ ಅಂತಾರೆ ಹುಡುಗರು” ಎಂದರು. ಅದೇ ವಾರದಲ್ಲಿ ನನ್ನ ವಿದ್ಯಾರ್ಥಿಯೊಬ್ಬನು ಬಾಸ್ ಗಿಟಾರಿನ ಅತಿ ಕೆಳಗಿನ ತಂತಿಯನ್ನು ಇನ್ನೂ ಕೆಳಗಿಳಿಸಿ, ಅದು ಬರಿದೆ ಪಟಪಟನೆ ಬಡಿದುಕೊಳ್ಳುತ್ತದೆಂದು ದೂರಿದನು. ಅಜ್ಜನ ಕಷ್ಟವೂ ಹುಡುಗನ ಕಷ್ಟವೂ ಒಂದೇ. ಅದಕ್ಕೆ ಉತ್ತರ ಇಬ್ಬರಿಗೂ ಎಟುಕುವಂತಹದೇ ಆಗಿತ್ತು; ಆದರೂ ನಮ್ಮ ವಿದ್ಯಾಭ್ಯಾಸಕ್ರಮವು ಅದನ್ನು ಅವರ ಕೈಗೆ ಮುಟ್ಟಿಸಿರಲಿಲ್ಲ. ಈ ಲೇಖನಕ್ಕೆ ಕಾರಣವು ಅದೇ.

ತಂತಿಯ ನಿಯಮಗಳನ್ನು ಫ್ರಾನ್ಸಿನ ಮರ್ಸೆನ್ 1636ರಲ್ಲಿಯೇ ಪ್ರಕಟಿಸಿದನು. ತಂತಿ ಉದ್ದವಾದಷ್ಟೂ ಸ್ವರ ಇಳಿಯುವುದು; ಬಿಗುವು ಕಡಮೆಯಾದಷ್ಟೂ ಇಳಿಯುವುದು; ಒಂದೇ ಉದ್ದದ ತುಂಡಿನ ತೂಕ ಹೆಚ್ಚಿದಷ್ಟೂ ಇಳಿಯುವುದು. ಮಂದ್ರಕ್ಕೆ ಹೋಗಲು ಹೀಗೆ ಮೂರು ದಾರಿಗಳು. ಬಿರಡೆಯನ್ನು ತಿರುಗಿಸುವುದು ಇವುಗಳಲ್ಲಿ ಅತ್ಯಂತ ಸುಲಭವಾದ ದಾರಿ. ನನ್ನ ಅಭಿಪ್ರಾಯದಲ್ಲಿ ಅತ್ಯಂತ ಕೆಟ್ಟ ದಾರಿಯೂ ಅದೇ.

ಲೆಕ್ಕ ಹಾಕಿ ನೋಡೋಣ. ಕುದುರೆಯಿಂದ ಮೇಲ್ತುದಿಯ ಆಧಾರದವರೆಗೆ ತಂತಿಯ ಉದ್ದ 85 ಸೆಂ.ಮೀ. ಎಂದಿಟ್ಟುಕೊಳ್ಳಿ. ಶ್ರುತಿ ಹಾರ್ಮೋನಿಯಂನ ಬಿಳಿ ಒಂದು. ಎಂದರೆ ಸಾರಣಿಯ ತಂತಿ ಸೆಕೆಂಡಿಗೆ ಸುಮಾರು 131 ಸಲ ಕಂಪಿಸಬೇಕು. 0.30 ಮಿ.ಮೀ. ದಪ್ಪದ ಉಕ್ಕಿನ ತಂತಿಗೆ ಆಗ ಬೇಕಾಗುವ ಬಿಗುವು ಸುಮಾರು 2.8 ಕಿಲೋಗ್ರಾಂ ತೂಕದಷ್ಟು. ಮಂದ್ರ ಷಡ್ಜವು ಇದರ ಅರ್ಧ, 65.4 ಕಂಪನ. ಅದೇ ತಂತಿಯನ್ನು ಸಡಿಲಿಸಿ ಈ ಸ್ವರಕ್ಕೆ ತಂದರೆ ಬಿಗುವು ಅರ್ಧಕ್ಕಲ್ಲ, ಕಾಲುಭಾಗಕ್ಕೆ ಇಳಿಯುತ್ತದೆ, 0.7 ಕಿಲೋಗ್ರಾಂ ಮಾತ್ರ ಉಳಿಯುತ್ತದೆ. ಬೆರಳಿನ ಅಷ್ಟೇ ಬಲಕ್ಕೆ ಅದು ನಾಲ್ಕು ಪಾಲು ದೂರ ಸರಿಯುತ್ತದೆ. ಮೀಟಿದ ಕ್ಷಣದಲ್ಲಿ ಹಿಗ್ಗಿ ಬಿಗಿಯುವುದರಿಂದ ಸ್ವರವು ಮೊದಲು ಏರಿ, ಆಮೇಲೆ ಜಾರುತ್ತದೆ. ಕುದುರೆಯ ಮೇಲೆ ಒತ್ತಡ ಸಾಲದೆ ನಾದ ಸೊರಗುತ್ತದೆ. ಅಜ್ಜನು ‘ಸತ್ತ ತಂತಿ’ ಎಂದದ್ದು ಇದನ್ನೇ. ಅವರ ತಂಬೂರಿಯ ನಾಲ್ಕು ತಂತಿಗಳೂ ಒಂದೇ ಸುರುಳಿಯ ತೆಳ್ಳನೆಯ ಉಕ್ಕಿನವಾಗಿದ್ದುವು. ಅಂಗಡಿಯಲ್ಲಿ ದೊರೆತದ್ದು ಅದೊಂದೇ ಎಂದರು.

ಹಾಗಾದರೆ ದಪ್ಪ ತಂತಿಯನ್ನು ಹಾಕಿದರೆ ಸಾಕಲ್ಲವೆ? ಬಿಗುವು ಮೊದಲಿನಷ್ಟೇ ಇರಬೇಕಾದರೆ ದಪ್ಪವನ್ನು ಇಮ್ಮಡಿಸಿ 0.60 ಮಿ.ಮೀ. ಮಾಡಬೇಕು. ಆದರೆ ದಪ್ಪನಾದ ಉಕ್ಕು ತಂತಿಯ ಗುಣವನ್ನು ಬಿಟ್ಟು ಸರಳಿನ ಗುಣವನ್ನು ತಾಳತೊಡಗುತ್ತದೆ, ಬಾಗಲು ಒಪ್ಪದು. ಈ ಪೆಡಸುತನದಿಂದ ಅದರ ಉಪಸ್ವರಗಳು ಇರಬೇಕಾದ ಸ್ಥಾನಕ್ಕಿಂತ ಮೇಲೇರುತ್ತವೆ. ಹತ್ತನೆಯ ಉಪಸ್ವರ 654 ಇರಬೇಕಾದೆಡೆ ಸುಮಾರು 674ಕ್ಕೆ ಹೋಗುತ್ತದೆ. ಇದು ಅರ್ಧ ಸ್ವರಸ್ಥಾನದಷ್ಟು ತಪ್ಪು.

ಇಲ್ಲಿಯೇ ನಮ್ಮ ಹಿರಿಯ ವಾದ್ಯಗಾರರ ಜಾಣ್ಮೆ ಕಾಣುವುದು. ಮಂದ್ರದ ತಂತಿಗೆ ಅವರು ಹಿತ್ತಾಳೆಯನ್ನು ಆರಿಸಿದರು. ಹಿತ್ತಾಳೆ ಭಾರವಾದುದರಿಂದ ಎಂದು ಸಾಮಾನ್ಯವಾಗಿ ಹೇಳುವುದುಂಟು. ಅದು ಪೂರ್ಣ ಉತ್ತರವಲ್ಲ. ಉಕ್ಕಿಗಿಂತ ಅದರ ಸಾಂದ್ರತೆ ಶೇಕಡಾ ಎಂಟರಷ್ಟು ಮಾತ್ರ ಹೆಚ್ಚು. ಆದರೆ ಪೆಡಸುತನವು ಉಕ್ಕಿನ ಅರ್ಧದಷ್ಟೇ. ಅದೇ ಸ್ವರಕ್ಕೆ, ಅದೇ ಬಿಗುವಿಗೆ 0.58 ಮಿ.ಮೀ. ಹಿತ್ತಾಳೆ ಸಾಕು, ಹತ್ತನೆಯ ಉಪಸ್ವರವು 663ರ ಬಳಿಯೇ ನಿಲ್ಲುತ್ತದೆ. ತೂಕವಿರಬೇಕು, ಪೆಡಸು ಇರಬಾರದು ಎಂಬುದೇ ಮಂದ್ರದ ತಂತಿಯ ರಹಸ್ಯ. ಇದೇ ತತ್ತ್ವವನ್ನು ಮುಂದಕ್ಕೊಯ್ದು, ತೆಳ್ಳನೆಯ ತಂತಿಯ ಮೇಲೆ ಲೋಹದ ಎಳೆಯನ್ನು ಸುತ್ತಿ ತೂಕವನ್ನು ಮಾತ್ರ ಕೂಡಿಸುವ ಉಪಾಯವು ಯೂರೋಪಿನಲ್ಲಿ 17ನೆಯ ಶತಮಾನದಲ್ಲಿ ಬಳಕೆಗೆ ಬಂದಿತು. ಬಾಸ್ ಗಿಟಾರಿನ ತಂತಿಗಳು ಅಂತಹವೇ. ಅದರ ಕೆಳಗಿನ ತಂತಿ ಸಾಮಾನ್ಯವಾಗಿ ಸೆಕೆಂಡಿಗೆ 41 ಕಂಪನಗಳದು. ನನ್ನ ವಿದ್ಯಾರ್ಥಿಯು ಅದನ್ನು 31ಕ್ಕೆ ಇಳಿಸಿದ್ದನು. ಬಿಗುವು ಅರ್ಧಕ್ಕಿಂತ ತುಸುವೇ ಹೆಚ್ಚಾಗಿ ಉಳಿದಿತ್ತು. ಮೂರನೆಯ ಒಂದು ಪಾಲು ಹೆಚ್ಚು ದಪ್ಪದ ಸುತ್ತುತಂತಿ ಅವನಿಗೆ ಬೇಕಾಗಿತ್ತು, ಬೇರೆ ಗಿಟಾರಲ್ಲ.

ಉಪಸ್ವರಗಳಿಗೆ ಇಷ್ಟು ಮಹತ್ತ್ವವೇಕೆ ಎಂದು ಕೇಳಬಹುದು. ಮಂದ್ರದಲ್ಲಿ ಮೂಲಸ್ವರಕ್ಕೆ ನಮ್ಮ ಕಿವಿ ಮಂದ. ಸಣ್ಣ ಬುರುಡೆಯಿಂದ ಅದು ಬಲವಾಗಿ ಹೊಮ್ಮುವುದೂ ಇಲ್ಲ. ನಾವು ಕೇಳುವುದು ಬಹುಮಟ್ಟಿಗೆ ಉಪಸ್ವರಗಳನ್ನೇ. ಅವುಗಳಿಂದ ಮನಸ್ಸು ಮೂಲಸ್ವರವನ್ನು ಕಟ್ಟಿಕೊಳ್ಳುತ್ತದೆ. ಒಂದು ಬಿಂದುವಿನಲ್ಲಿ ಮೀಟಿದಾಗ ನಿಯಮದಂತೆ ಕೇಳಿಸಬಾರದ ಉಪಸ್ವರಗಳೂ ನಮ್ಮ ವೀಣೆ ತಂಬೂರಿಗಳಲ್ಲಿ ಸ್ಪಷ್ಟವಾಗಿ ಕೇಳಿಬರುತ್ತವೆಂದು ಸಿ.ವಿ. ರಾಮನ್ ಅವರು 1921ರಲ್ಲಿ ಪ್ರಕಟಿಸಿದರು. ತಂಬೂರಿಯ ಕುದುರೆಯ ಅಗಲವಾದ ಬೆನ್ನೂ ತಂತಿಯ ಕೆಳಗೆ ಸರಿಸಿಡುವ ನೂಲೆಳೆಯೂ ಇದಕ್ಕೆ ಕಾರಣಗಳು. ಇಷ್ಟು ಸೂಕ್ಷ್ಮವಾದ ವಾದ್ಯಕ್ಕೆ ಸಿಕ್ಕಿದ ತಂತಿಯನ್ನು ಕಟ್ಟುವುದು ಅನ್ಯಾಯವಲ್ಲವೆ?

ಶ್ರುತಿಪೆಟ್ಟಿಗೆ ಅಗ್ಗ, ಶ್ರುತಿ ತಪ್ಪದು, ಚೀಲದಲ್ಲಿ ಹಿಡಿಸುತ್ತದೆ. ಮತ್ತೇಕೆ ಈ ತಾಪತ್ರಯ ಎಂದು ಕೆಲವರು ಹೇಳುತ್ತಾರೆ. ಆ ಮಾತಿನಲ್ಲಿ ಸತ್ಯವಿದೆ. ಅಭ್ಯಾಸಕ್ಕೆ ಅದು ಒಳ್ಳೆಯ ಒಡನಾಡಿ. ಆದರೆ ವಾದ್ಯದಲ್ಲಿ ದೋಷವಿಲ್ಲದಿರುವಾಗ ತಂತಿಯ ದೋಷಕ್ಕಾಗಿ ವಾದ್ಯವನ್ನೇ ತೊರೆಯುವುದು ವಿವೇಕವಲ್ಲ. ಅದಕ್ಕಿಂತ ದುಃಖಕರವಾದುದು, ಮಂದ್ರ ನುಡಿಯದ ತಂಬೂರಿಗೆ ಹೊಂದಿಕೊಳ್ಳಲು ಮನುಷ್ಯನು ತನ್ನ ಕಂಠವನ್ನು ಶಕ್ತಿಮೀರಿ ಮೇಲಕ್ಕೆಳೆಯುವುದು. ಕಂಠಕ್ಕೆ ತಕ್ಕ ತಂತಿಯಿರಬೇಕೇ ಹೊರತು ತಂತಿಗೆ ತಕ್ಕ ಕಂಠವಲ್ಲ. ಇದನ್ನೆಲ್ಲ ವಿದ್ವಾಂಸರು ಕಿವಿಯಿಂದಲೇ ಬಲ್ಲರು, ಭೌತಶಾಸ್ತ್ರವೇಕೆ ಎಂದೂ ಕೆಲವರು ಕೇಳಿಯಾರು. ವಿದ್ವಾಂಸರು ಹತ್ತಿರವಿರುವವರಿಗೆ ಬೇಡ. ಇಲ್ಲದ ಹಳ್ಳಿಗೆ ಲೆಕ್ಕವೇ ಗುರು.

ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಸೊನೋಮೀಟರ್ ಇದೆ. ವರ್ಷಕ್ಕೊಮ್ಮೆ ಅದರ ಮೇಲೆ ತೂಕಗಳನ್ನು ತೂಗಿಸಿ, ಅಂಕಗಳನ್ನು ಪಡೆದು, ಅದನ್ನು ಮರೆಯುತ್ತೇವೆ. ಅದರ ಪಕ್ಕದಲ್ಲಿ ಒಂದು ತಂಬೂರಿಯನ್ನೂ ಮೂರು ನಾಲ್ಕು ಬಗೆಯ ತಂತಿಗಳನ್ನೂ ಇಟ್ಟು, ‘ಈ ಕಂಠಕ್ಕೆ ಯಾವ ತಂತಿ?’ ಎಂಬ ಒಂದೇ ಪ್ರಶ್ನೆಯನ್ನು ವಿದ್ಯಾರ್ಥಿಗಳ ಮುಂದಿಡತಕ್ಕದ್ದೆಂದು ನನ್ನ ಮತ. ಅಳತೆಪಟ್ಟಿಯೂ ದಪ್ಪವನ್ನಳೆಯುವ ಸ್ಕ್ರೂ ಗೇಜೂ ಎಲ್ಲ ಕಾಲೇಜುಗಳಲ್ಲಿವೆ.

ಅಜ್ಜನ ತಂಬೂರಿಗೆ ಹಿತ್ತಾಳೆಯ ತಂತಿ ಕಟ್ಟಿದ ರಾತ್ರಿ ಜಗಲಿಯಲ್ಲಿ ನಾನೂ ಇದ್ದೆ. ಮಂಡಳಿಯವರು ಪೆಟ್ಟಿಗೆಯನ್ನೂ ಕೊಂಡಿದ್ದರು. ಆ ರಾತ್ರಿ ಅದನ್ನು ಯಾರೂ ತೆರೆಯಲಿಲ್ಲ. ನಿಮ್ಮ ಊರಿನ ಗೋಡೆಯ ಮೇಲೂ ಒಂದು ತಂಬೂರಿ ತೂಗುತ್ತಿರಬಹುದು. ಕೆಳಗಿಳಿಸಿ, ಅದರ ತಂತಿಯನ್ನು ಅಳೆದು ನೋಡಿ.