ಕಾರ್ಡುಗಳ ಕಟ್ಟು ಮತ್ತು ಮಕ್ಕಳ ಓದು

ನಮ್ಮ ಹಿರಿಯರು ದೀಪ ಹಚ್ಚಿದೊಡನೆ ಮಕ್ಕಳಿಂದ ಮಗ್ಗಿಯನ್ನು ಹೇಳಿಸುತ್ತಿದ್ದರು. ತಪ್ಪಿದ ಮಗ್ಗಿಯನ್ನು ಮರುದಿನವೇ ಕೇಳುವರು. ತಡೆಯಿಲ್ಲದೆ ಒಪ್ಪಿಸಿದುದನ್ನು ವಾರಕ್ಕೊಮ್ಮೆ ಕೇಳಿದರೆ ಸಾಕೆನ್ನುವರು. ಈಗಿನ ವಿದ್ಯಾರ್ಥಿಗಳ ಮೊಬೈಲಿನಲ್ಲಿರುವ ಫ್ಲ್ಯಾಷ್ ಕಾರ್ಡಿನ ಆ್ಯಪುಗಳು ಮಾಡತಕ್ಕ ಕೆಲಸವೂ ಇದೇ. ಇವುಗಳಲ್ಲಿ ಆಂಕಿ ಎಂಬುದು 2006ರಲ್ಲಿ ಹೊರಬಂದಿತು. ಜಪಾನೀ ಭಾಷೆಯಲ್ಲಿ ಆ ಮಾತಿಗೆ ಕಂಠಪಾಠವೆಂದೇ ಅರ್ಥ. ಆಂಡ್ರಾಯ್ಡ್ ಫೋನಿಗೆ ಇದು ಆಂಕಿಡ್ರಾಯ್ಡ್ ಎಂಬ ಹೆಸರಿನಿಂದ ಉಚಿತವಾಗಿ ದೊರೆಯುವುದು, ಇಂಟರ್ನೆಟ್ಟಿಲ್ಲದೆಯೂ ನಡೆಯುವುದು. ಬೇಗೂರಿನಿಂದ ಗುಂಡ್ಲುಪೇಟೆಗೋ ನಂಜನಗೂಡಿಗೋ ಬಸ್ಸಿನಲ್ಲಿ ಓಡಾಡುವ ಹುಡುಗ ಹುಡುಗಿಯರಿಗೆ ಇದಕ್ಕಿಂತ ಅನುಕೂಲವಾದುದು ಬೇರೊಂದಿಲ್ಲ.

ತೊಡಕಿರುವುದು ಕಟ್ಟುಗಳಲ್ಲಿ. ಎಸ್.ಎಸ್.ಎಲ್.ಸಿ. ವಿದ್ಯಾರ್ಥಿಗೆ ವಿಷಯಗಳು 6. ಉತ್ಸಾಹದಿಂದ ಆರಕ್ಕೂ ಒಂದೊಂದು ಕಟ್ಟನ್ನು ಒಂದೇ ದಿನ ತೆರೆಯುವುದುಂಟು. ಆ್ಯಪು ತಾನಾಗಿಯೇ ಕಟ್ಟೊಂದಕ್ಕೆ ದಿನಕ್ಕೆ 20 ಹೊಸ ಕಾರ್ಡುಗಳನ್ನು ಕೊಡುವುದು. ಪ್ರತಿದಿನ 20 ಹೊಸದನ್ನು ಕಲಿಯುತ್ತ ಹೋದರೆ, ಕೆಲವು ವಾರಗಳಲ್ಲಿ ಹಳೆಯವು ದಿನಕ್ಕೆ ಸುಮಾರು 200 ಮರಳಿ ಬರುವುವು. ಆರು ಕಟ್ಟುಗಳ ಲೆಕ್ಕವನ್ನು ವಾಚಕರೇ ಮಾಡಿಕೊಳ್ಳಬಹುದು! ಬಿತ್ತುವುದಕ್ಕೆ ಒಂದು ದಿನ ಸಾಕು, ಕಳೆ ಕೀಳುವುದಕ್ಕೆ ಆಳು ಬೇಕೆಂಬುದು ಚೆಂಡುಹೂ, ಅರಿಸಿನ ಬೆಳೆಯುವ ಗುಂಡ್ಲುಪೇಟೆಯ ಸೀಮೆಯವರಿಗೆ ಹೇಳಬೇಕಾದ ಮಾತಲ್ಲ.

ಮನೆಯಲ್ಲೊಂದು ಮದುವೆಯಾಗಿ ನಾಲ್ಕು ದಿನ ತಪ್ಪಿತೆಂದರೆ ರಾಶಿ ಬೆಳೆಯುವುದು. ಮಗುವು ಅದನ್ನು ನೋಡಿ ಹೆದರುವುದು; ತನ್ನ ಬುದ್ಧಿಯೇ ಮಂದವೆಂದು ತಿಳಿಯುವುದು; ನಾವೂ ಹಾಗೆಯೇ ಅಂದುಬಿಡುತ್ತೇವೆ. ತಪ್ಪು ಬುದ್ಧಿಯದಲ್ಲ, ಲೆಕ್ಕದ್ದು. ಅಂತಹ ಸಮಯದಲ್ಲಿ ಹೊಸ ಕಾರ್ಡುಗಳ ಸಂಖ್ಯೆಯನ್ನು 0 ಎಂದಿರಿಸಿ, ಹಳೆಯವನ್ನು ದಿನಕ್ಕೆ ಐವತ್ತೋ ಅರುವತ್ತೋ ಕೈಲಾದಷ್ಟು ತೀರಿಸಲಿ.

ಆರು ಕಟ್ಟುಗಳನ್ನೂ ಒಂದು ದೊಡ್ಡ ಕಟ್ಟಿನ ಒಳಗೆ ಸೇರಿಸಿ, ಆ ದೊಡ್ಡದಕ್ಕೆ ಹತ್ತು ಹದಿನೈದು ಹೊಸ ಕಾರ್ಡುಗಳ ಮಿತಿಯಿಟ್ಟು, ಅದನ್ನೇ ತೆರೆದು ಓದುವುದು ಒಳ್ಳೆಯದು. ಆಗ ಒಳಗಿನವೆಲ್ಲವೂ ಸೇರಿ ಆ ಮಿತಿಯನ್ನು ಮೀರಲಾರವು. ಪರೀಕ್ಷೆ ಮುಗಿದ ವಿಷಯವನ್ನು ಅಳಿಸಕೂಡದು. ತಡೆಹಿಡಿಯುವ ಏರ್ಪಾಡೊಂದಿದೆ, ತಡೆದ ಕಾರ್ಡು ಎದುರಿಗೆ ಬಾರದು, ಆದರೂ ಅದನ್ನು ಕಲಿತ ಚರಿತ್ರೆ ಉಳಿಯುವುದು. ಅಳಿಸಿದರೆ ಎರಡೂ ಹೋದಂತೆಯೇ. ಪಿ.ಯು.ಸಿ.ಯಲ್ಲಿ ಹತ್ತನೆಯ ತರಗತಿಯ ರಸಾಯನಶಾಸ್ತ್ರ ಮತ್ತೆ ಬೇಕಾಗದೆ ಇರದು.

ಪರರು ಮಾಡಿಟ್ಟ ಕಟ್ಟುಗಳು ಸಾವಿರಗಟ್ಟಲೆ ಸಿಗುವುವು. ಆದರೆ ಅವು ನಮ್ಮ ಪಠ್ಯಪುಸ್ತಕದ ಕ್ರಮದಲ್ಲಿರುವುದು ಅಪರೂಪ. ಮಗುವು ತಾನೇ ಕನ್ನಡದಲ್ಲಿ ಬರೆದ ಮೂವತ್ತು ಕಾರ್ಡುಗಳು ಅವುಗಳಿಗಿಂತ ಮೇಲೆಂದು ನನ್ನ ಅಭಿಪ್ರಾಯ. ಬರೆಯುವಾಗಲೇ ಅರ್ಧ ಪಾಠವಾಗುವುದು.

ಮತ್ತೊಂದು ವಿಷಯ. ಹಳೆಯ ಫೋನನ್ನು ಮಾರುವ ಅಥವಾ ಆ್ಯಪನ್ನು ತೆಗೆದುಹಾಕುವ ಮೊದಲು ಆಂಕಿವೆಬ್ ಖಾತೆಗೆ ಎಲ್ಲವನ್ನೂ ಕಳುಹಿಸಿರಬೇಕು, ಇಲ್ಲವೇ ಕಡತವಾಗಿ ಹೊರತೆಗೆದು ಬೇರೆಡೆ ಇಟ್ಟಿರಬೇಕು. ಈ ಖಾತೆಗೂ ಹಣ ಕೊಡಬೇಕಾದುದಿಲ್ಲ.