ಪುಷ್ಪಕ ಇಳಿದದ್ದು ಚಳ್ಳಕೆರೆಯಲ್ಲಿ. ನಮ್ಮ ಮಕ್ಕಳು ಹತ್ತುವ ಬಸ್ಸು ಯಾವುದು?

2023ರ ಏಪ್ರಿಲ್ 2ರ ಬೆಳಿಗ್ಗೆ. ಚಳ್ಳಕೆರೆ ತಾಲ್ಲೂಕಿನ ಆಕಾಶದಲ್ಲಿ ವಾಯುಸೇನೆಯ ಚಿನೂಕ್ ಹೆಲಿಕಾಪ್ಟರು ರೆಕ್ಕೆಯಿದ್ದ ವಾಹನವೊಂದನ್ನು ನಾಲ್ಕೂವರೆ ಕಿಲೋಮೀಟರು ಎತ್ತರಕ್ಕೆ ಒಯ್ದು ಕೈಬಿಟ್ಟಿತು. ಒಳಗೆ ಆಳಿಲ್ಲ, ಡ್ರೈವರಿಲ್ಲ. ತನ್ನ ದಾರಿ ತಾನೇ ಹುಡುಕಿಕೊಂಡು ಬಂದು ಡಿಆರ್‌ಡಿಓದ ರನ್‌ವೇ ಮೇಲೆ ನೆಟ್ಟಗೆ ಇಳಿಯಿತು. 2024ರ ಮಾರ್ಚ್ 22ರಂದು ಮತ್ತೊಮ್ಮೆ, ಅದೇ ವರ್ಷ ಜೂನ್ 23ರಂದು ಮಗದೊಮ್ಮೆ. ಇಸ್ರೋದವರು ಅದಕ್ಕೆ 'ಪುಷ್ಪಕ' ಎಂದು ಹೆಸರಿಟ್ಟರು. ದಿಲ್ಲಿಯ ಪತ್ರಿಕೆಗಳಲ್ಲೂ ಚಳ್ಳಕೆರೆಯ ಹೆಸರು ಬಂತು. ಕಡಲೆಕಾಯಿ ಎಣ್ಣೆಗೆ ಹೆಸರಾದ ಊರು ರಾಕೆಟ್ಟಿಗೂ ಹೆಸರಾಯಿತು.

ಸಂತೋಷ. ಆದರೆ ಬಸ್‌ಸ್ಟಾಂಡಿನ ಹೋಟೆಲಿನಲ್ಲಿ ಟೀ ಕುಡಿಯುವವರು ಕೇಳುವ ಪ್ರಶ್ನೆ ಬೇರೆ: "ಅದೆಲ್ಲ ಸರಿ ಸ್ವಾಮಿ, ನಮ್ಮ ಹುಡುಗರಿಗೆ ಏನು ಬಂತು?"

ಪ್ರಶ್ನೆ ಒರಟಾಗಿದ್ದರೂ ನ್ಯಾಯವಾದದ್ದೇ. ವರವು ಕಾವಲು, ಕುದಾಪುರ, ಉಳ್ಳಾರ್ತಿ ಕಾವಲುಗಳಲ್ಲಿ ಸಾವಿರಾರು ಎಕರೆ ಅಮೃತಮಹಲ್ ಹುಲ್ಲುಗಾವಲು ವಿಜ್ಞಾನ ಸಂಸ್ಥೆಗಳಿಗೆ ಹೋಯಿತು. ಭಾರತೀಯ ವಿಜ್ಞಾನ ಸಂಸ್ಥೆಗೇ 1500 ಎಕರೆ. ಡಿಆರ್‌ಡಿಓಗೆ ಅದಕ್ಕಿಂತ ಹೆಚ್ಚು. ಕುರಿ ಮೇಯಿಸುತ್ತಿದ್ದವರು ಬೇಲಿಯ ಆಚೆ ನಿಂತರು. ಕೋರ್ಟು, ಹಸಿರು ನ್ಯಾಯಮಂಡಳಿ ಎಲ್ಲ ಆಯಿತು. ಆ ಕಥೆ ಇಲ್ಲಿ ಬೇಡ. ಜಾಗ ಹೋದದ್ದಂತೂ ಹೋಯಿತು. ಬದಲಿಗೆ ಬರಬೇಕಾದ ವಿದ್ಯೆ ಬಂತೇ ಎಂಬುದಷ್ಟೇ ಇಲ್ಲಿನ ವಿಚಾರ. ಆ ವಿದ್ಯೆಗೆ ಒಂದು ಬಾಗಿಲು ಇದೆ, ಅದು ವರ್ಷಕ್ಕೊಮ್ಮೆ ತೆರೆಯುತ್ತದೆ, ಜಿಲ್ಲೆಯ ಹೆಚ್ಚಿನವರಿಗೆ ಅದರ ಹೆಸರೇ ಗೊತ್ತಿಲ್ಲ. ದೀಪದ ಬುಡದಲ್ಲೇ ಕತ್ತಲೆ!

ಹನ್ನೆರಡು ದಿನದ ಬೇರೆ ಲೋಕ

ಬಾಗಿಲಿನ ಹೆಸರು 'ಯುವಿಕಾ'. ಯುವ ವಿಜ್ಞಾನಿ ಕಾರ್ಯಕ್ರಮ ಎಂಬುದರ ಮೊಟಕು. ಇಸ್ರೋ 2019ರಲ್ಲಿ ಆರಂಭಿಸಿತು. ಒಂಬತ್ತನೇ ತರಗತಿ ಓದುತ್ತಿರುವ ಮಕ್ಕಳು ಅರ್ಜಿ ಹಾಕಬೇಕು. ಆಯ್ಕೆಯಾದವರು ಮೇ ತಿಂಗಳ ರಜೆಯಲ್ಲಿ ಹನ್ನೆರಡರಿಂದ ಹದಿನಾಲ್ಕು ದಿನ ಇಸ್ರೋ ಕೇಂದ್ರವೊಂದರಲ್ಲಿ ಉಳಿದು ಕಲಿಯಬೇಕು. 2020, 2021ರಲ್ಲಿ ಕೊರೋನಾ ಕಾಟದಿಂದ ನಡೆಯಲಿಲ್ಲ. 2022ರಲ್ಲಿ ಮತ್ತೆ ಶುರುವಾಯಿತು. ಮೊದಲು ಕೇಂದ್ರಗಳು ಕಡಿಮೆ ಇದ್ದವು, 2023ರಿಂದ ಏಳಾದವು: ತಿರುವನಂತಪುರ, ಬೆಂಗಳೂರು, ಅಹಮದಾಬಾದ್, ಹೈದರಾಬಾದ್, ಶ್ರೀಹರಿಕೋಟಾ, ಡೆಹ್ರಾಡೂನ್, ಶಿಲ್ಲಾಂಗ್.

ದುಡ್ಡಿನ ಮಾತು ಮೊದಲೇ ಹೇಳಿಬಿಡಬೇಕು, ಏಕೆಂದರೆ ಅಂಗಡಿ ಗಲ್ಲದಲ್ಲಿ ಕೂತ ತಂದೆ ಕೇಳುವುದು ಅದನ್ನೇ. ಊಟ, ವಸತಿ, ಪುಸ್ತಕ, ಕಿಟ್ಟು ಎಲ್ಲವೂ ಇಸ್ರೋ ಖರ್ಚು. ಮಗುವಿಗೆ ರೈಲಿನ ಎರಡನೇ ದರ್ಜೆ ಏಸಿ ಚಾರ್ಜು ಅಥವಾ ಬಸ್ ಚಾರ್ಜು ಕೊಡುತ್ತಾರೆ. ಬಿಟ್ಟುಬರಲು, ಕರೆತರಲು ಹೋಗುವ ಪೋಷಕರಲ್ಲಿ ಒಬ್ಬರಿಗೂ ರೈಲು ಚಾರ್ಜು ಸಿಗುತ್ತದೆ. ಊರಿನ 'ಸಮ್ಮರ್ ಕ್ಯಾಂಪು'ಗಳಲ್ಲಿ ಚಿತ್ರ ಬರೆಯೋದಕ್ಕೂ ಸಾವಿರಗಟ್ಟಲೆ ಫೀಸು ಕೀಳುವ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಅಲ್ಲಿ ಏನು ನಡೆಯುತ್ತದೆ? ಬೆಳಿಗ್ಗೆ ತಿಂಡಿ ಮುಗಿಸಿ, ಕೊರಳಿಗೆ ಕಾರ್ಡು ಹಾಕಿಕೊಂಡು ಸಾಲಾಗಿ ಕ್ಲಾಸು. ಪಾಠ ಮಾಡುವವರು ಮಾಸ್ತರಲ್ಲ, ಉಪಗ್ರಹ ಕಟ್ಟಿದ ವಿಜ್ಞಾನಿಗಳೇ. ರಾಕೆಟ್ಟು ಯಾಕೆ ಮೇಲೇರುತ್ತದೆ, ಉಪಗ್ರಹ ಯಾಕೆ ಬೀಳುವುದಿಲ್ಲ ಎಂದು ಕೇಳಿದರೆ 'ಪರೀಕ್ಷೆಗೆ ಬರೋದಿಲ್ಲ, ಕೂತ್ಕೋ' ಎನ್ನುವವರಿಲ್ಲ. ಪ್ರಶ್ನೆ ಕೇಳೋದಕ್ಕೆಂದೇ ಬೇರೆ ಸಮಯ ಇಟ್ಟಿರುತ್ತಾರೆ. ಆಮೇಲೆ ಪ್ರಯೋಗಶಾಲೆಗಳ ಭೇಟಿ. ರೋಬೋಟಿನ ಪೈಪೋಟಿ. ಪುಟ್ಟ ರಾಕೆಟ್ಟನ್ನೋ ಉಪಗ್ರಹದ ಮಾದರಿಯನ್ನೋ ತಮ್ಮ ಕೈಯಿಂದಲೇ ಜೋಡಿಸುವ ಕೆಲಸ. ಕತ್ತಲಾದ ಮೇಲೆ ನಕ್ಷತ್ರ ನೋಡುವುದು.

ಇದಕ್ಕಿಂತ ದೊಡ್ಡ ಪಾಠ ರಾತ್ರಿ ರೂಮಿನಲ್ಲಿ ನಡೆಯುತ್ತದೆ. ಪಕ್ಕದ ಮಂಚದಲ್ಲಿ ಅಸ್ಸಾಮಿನ ಹುಡುಗಿ, ಎದುರಿಗೆ ಗುಜರಾತಿನವಳು. ಯಾರ ಮಾತೂ ಯಾರಿಗೂ ಪೂರ್ತಿ ತಿಳಿಯದು. ಮುದ್ದೆ ಉಂಡು ಬೆಳೆದ ಮಗುವಿಗೆ ಮೂರು ದಿನ ಮೆಸ್ಸಿನ ಊಟ ಸಪ್ಪೆ, ಒಂದು ರಾತ್ರಿ ಅಮ್ಮನ ನೆನಪಾಗಿ ಅಳು. ನಾಲ್ಕನೇ ದಿನ ಹರುಕು ಮುರುಕು ಇಂಗ್ಲಿಷಿನಲ್ಲೇ ನಗು, ಜಗಳ, ಸ್ನೇಹ. ಹೊರಡುವ ದಿನ ಮತ್ತೆ ಅಳು, ಈ ಸಲ ಬಿಟ್ಟುಹೋಗೋದಕ್ಕೆ. ಹಾಸ್ಟೆಲಿನಲ್ಲಿ ಇದ್ದು ಬಂದವರಿಗೆಲ್ಲ ಇದು ಗೊತ್ತಿರುವ ಮಾತು. 'ನಾನೂ ಇವರ ಸಮಕ್ಕೆ ನಿಲ್ಲಬಲ್ಲೆ' ಎಂಬ ಧೈರ್ಯ ಯಾವ ಟ್ಯೂಷನ್ನಿನಲ್ಲೂ ಸಿಗೋದಿಲ್ಲ.

ಇಂಗ್ಲಿಷ್ ಬಾರದು ಎಂದು ಹಿಂಜರಿಯುವವರಿಗೆ ಒಂದು ಮಾತು. ಯುವಿಕಾ ಆರಂಭವಾದಾಗ ಇಸ್ರೋ ಅಧ್ಯಕ್ಷರಾಗಿದ್ದವರು ಕೆ. ಶಿವನ್. ಕನ್ಯಾಕುಮಾರಿ ಜಿಲ್ಲೆಯ ಹಳ್ಳಿಯೊಂದರ ರೈತನ ಮಗ, ಸರ್ಕಾರಿ ಶಾಲೆಯಲ್ಲಿ ತಮಿಳು ಮಾಧ್ಯಮದಲ್ಲಿ ಓದಿದವರು. ಬೆಂಗಳೂರಿನ ಉಪಗ್ರಹ ಕೇಂದ್ರಕ್ಕೆ ಯಾರ ಹೆಸರಿದೆಯೋ ಆ ಯು.ಆರ್. ರಾವ್ ಉಡುಪಿ ಕಡೆಯ ಅದಮಾರಿನವರು. 1975ರಲ್ಲಿ ಹಾರಿದ ದೇಶದ ಮೊದಲ ಉಪಗ್ರಹ ಆರ್ಯಭಟವನ್ನು ಅವರ ತಂಡ ಕಟ್ಟಿದ್ದು ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ. ಹಳ್ಳಿಯಿಂದ ಅಂತರಿಕ್ಷಕ್ಕೆ ದಾರಿ ಇಲ್ಲ ಎನ್ನುವವರು ಈ ಎರಡು ಹೆಸರನ್ನು ನೆನಪಿಡಲಿ.

ಅಂಕದ ಲೆಕ್ಕ, ಅಂಗಡಿ ಲೆಕ್ಕದಷ್ಟೇ ಸರಳ

ಆಯ್ಕೆ ಹೇಗೆ? ವಶೀಲಿಯಿಲ್ಲ, ಇಂಟರ್‌ವ್ಯೂ ಇಲ್ಲ. ಒಟ್ಟು ನೂರರ ಲೆಕ್ಕ. ಎಂಟನೇ ತರಗತಿಯ ಅಂಕಕ್ಕೆ 50. ಆನ್‌ಲೈನ್ ಕ್ವಿಜ್‌ಗೆ 10. ವಿಜ್ಞಾನ ಮೇಳದಲ್ಲಿ ಭಾಗವಹಿಸಿದ್ದರೆ ಶಾಲಾ ಮಟ್ಟಕ್ಕೆ 2, ಜಿಲ್ಲೆಗೆ 5, ರಾಜ್ಯ ಮತ್ತು ಮೇಲಿನದಕ್ಕೆ 10. ಒಲಿಂಪಿಯಾಡ್ ಇತ್ಯಾದಿ ಸ್ಪರ್ಧೆಯ ಬಹುಮಾನಕ್ಕೆ 5ರವರೆಗೆ, ಆಟೋಟದ ಬಹುಮಾನಕ್ಕೆ 5ರವರೆಗೆ. ಸ್ಕೌಟ್-ಗೈಡ್, ಎನ್‌ಸಿಸಿ ಸದಸ್ಯರಿಗೆ 5. ಕೊನೆಯದಾಗಿ, ಪಂಚಾಯ್ತಿ ವ್ಯಾಪ್ತಿಯ ಹಳ್ಳಿ ಶಾಲೆಯಲ್ಲಿ ಓದುತ್ತಿರುವ ಮಗುವಿಗೆ 15.

ಈ ಹದಿನೈದರ ತೂಕ ಎಷ್ಟು ಎಂದು ಕೂಡಿ ಕಳೆದು ನೋಡಬೇಕು. ಎಂಟನೇ ಕ್ಲಾಸಿನ ನೂರಕ್ಕೆ ನೂರು ಅಂಕಕ್ಕೆ ಸಿಗುವುದೇ 50. ಹಾಗಾದರೆ ಈ 15 ಅಂದರೆ ಶೇಕಡಾ 30 ಅಂಕಕ್ಕೆ ಸಮ. ಪಟ್ಟಣದ ಮಗು ಶೇಕಡಾ 95 ತೆಗೆದರೆ ಬರುವುದು ನಲವತ್ತೇಳೂವರೆ. ಹಳ್ಳಿ ಮಗು ಶೇಕಡಾ 80 ತೆಗೆದರೆ ನಲವತ್ತು, ಹದಿನೈದು ಸೇರಿ ಐವತ್ತೈದು. ಅಂದರೆ ಆಟ ಶುರುವಾಗುವ ಮೊದಲೇ ಹಳ್ಳಿ ಮಗು ಏಳೂವರೆ ಮುಂದೆ! ಇಷ್ಟು ಅನುಕೂಲ ಮಾಡಿಕೊಟ್ಟ ಯೋಜನೆಗೆ ನಾಯಕನಹಟ್ಟಿ, ಪರಶುರಾಂಪುರ, ತಳಕು ಸುತ್ತಲಿನ ಹಳ್ಳಿ ಶಾಲೆಗಳಿಂದ ರಾಶಿ ಅರ್ಜಿ ಹೋಗಬೇಕಿತ್ತು. ಒಂಬತ್ತನೇ ತರಗತಿಯ ಮಕ್ಕಳನ್ನು ನಿಲ್ಲಿಸಿ 'ಯುವಿಕಾ ಗೊತ್ತಾ?' ಎಂದು ಯಾರು ಬೇಕಾದರೂ ಕೇಳಿ ನೋಡಬಹುದು.

ಬಸ್ ಪಾಸಿನ ಮಕ್ಕಳ ಗತಿ

ಆದರೆ ನಿಯಮದಲ್ಲೊಂದು ಕೊಂಕಿದೆ. ಅದು ನೋಡುವುದು ಶಾಲೆ ಇರುವ ಜಾಗವನ್ನು, ಮಗುವಿನ ಮನೆಯನ್ನಲ್ಲ. ಬೆಳಿಗ್ಗೆ ಏಳಕ್ಕೇ ಬಸ್ಸಿನ ಫುಟ್‌ಬೋರ್ಡ್ ಮೇಲೆ ನಿಂತು, ಪಾಸು ತೋರಿಸಿ, ಹಳ್ಳಿಯಿಂದ ಪೇಟೆಯ ಹೈಸ್ಕೂಲಿಗೆ ಬರುವ ಹುಡುಗ-ಹುಡುಗಿಯರು ನೂರಾರು. ಮನೆ ಹಳ್ಳಿಯಲ್ಲಿ, ಶಾಲೆ ನಗರಸಭೆಯ ಗಡಿಯೊಳಗೆ. ನಿಯಮದ ಮಾತನ್ನು ಹಾಗೇ ಓದಿದರೆ ಇವರಿಗೆ 15 ಇಲ್ಲ. ಹೈವೇ ಪಕ್ಕ ಪಂಚಾಯ್ತಿ ಜಮೀನಿನಲ್ಲಿ ಎದ್ದಿರುವ, ಲಕ್ಷಗಟ್ಟಲೆ ಫೀಸಿನ, ಈಜುಕೊಳದ ಶಾಲೆ? ಅದು 'ಗ್ರಾಮೀಣ'! ಅಲ್ಲಿ ಓದುವ ಪೇಟೆ ಶ್ರೀಮಂತರ ಮಗುವಿಗೆ 15 ಸಿಕ್ಕರೆ ಅಡ್ಡಿ ಹೇಳುವ ಹಾಗಿಲ್ಲ.

ಇದು ಇಸ್ರೋದ ಕೆಟ್ಟ ಬುದ್ಧಿ ಅಂತ ಯಾರೂ ಹೇಳೋದಿಲ್ಲ. ಉದ್ದೇಶ ಒಳ್ಳೆಯದೇ. ಆದರೆ ಬಡತನವನ್ನು ನಕ್ಷೆ ನೋಡಿ ಅಳೆಯಲು ಹೊರಟರೆ ಹೀಗಾಗುತ್ತದೆ. ಸರ್ಕಾರಿ, ಅನುದಾನಿತ ಶಾಲೆಯ ಮಗು ಎಂಬ ಒಂದು ಅಳತೆ ಸೇರಿಸಿದರೆ ಈ ಕೊಂಕು ಬಹುಪಾಲು ನೇರವಾಗುತ್ತದೆ. ಜಿಲ್ಲೆಯ ಜನಪ್ರತಿನಿಧಿಗಳು ಬರೆಯಬೇಕಾದ ಪತ್ರ ಇದು. ಖರ್ಚು ಒಂದು ಸ್ಟಾಂಪು.

ಅರ್ಜಿ ಸಾಯುವುದೆಲ್ಲಿ?

ನಿಯಮದ ಕೊಂಕಿಗಿಂತ ದೊಡ್ಡದು ನಮ್ಮೂರಿನ ನಿಧಾನ. ಅರ್ಜಿ ಕರೆಯುವುದು ಸಾಮಾನ್ಯವಾಗಿ ಫೆಬ್ರವರಿ-ಮಾರ್ಚಿನಲ್ಲಿ. ಅದೇ ಹೊತ್ತಿಗೆ ಹೈಸ್ಕೂಲಿನಲ್ಲಿ ಎಸ್ಸೆಸ್ಸೆಲ್ಸಿ ಜ್ವರ ಏರಿರುತ್ತದೆ. ಫಲಿತಾಂಶದ ಪಟ್ಟಿಯಲ್ಲಿ ಜಿಲ್ಲೆ ಎಷ್ಟನೇ ಸ್ಥಾನ ಎಂಬ ಚಿಂತೆಯಲ್ಲಿ ಸಾಹೇಬರಿಂದ ಹಿಡಿದು ಸಹಶಿಕ್ಷಕರವರೆಗೆ ಎಲ್ಲರೂ ಹತ್ತನೇ ಕ್ಲಾಸಿನ ಹಿಂದೆ. ಒಂಬತ್ತರ ಮಗುವನ್ನು ಮಾತಾಡಿಸುವವರಿಲ್ಲ.

ಅರ್ಜಿ ಆನ್‌ಲೈನು. ಇ-ಮೇಲ್ ಬೇಕು. ಗೊತ್ತುಮಾಡಿದ ಅವಧಿಯೊಳಗೆ ಕ್ವಿಜ್ ಮುಗಿಸಬೇಕು. ಅಂಕಪಟ್ಟಿ, ಮೇಳದ ಸರ್ಟಿಫಿಕೇಟು ಸ್ಕ್ಯಾನ್ ಮಾಡಬೇಕು, ಹೆಡ್‌ಮಾಸ್ತರ ಸಹಿ-ಸೀಲು ಬೀಳಬೇಕು. ಪೇಟೆಯಲ್ಲಿ ಇದು ಅರ್ಧ ಗಂಟೆಯ ಕೆಲಸ. ಹಳ್ಳಿಯಲ್ಲಿ? ಕರೆಂಟಿದ್ದರೆ ನೆಟ್ ಇಲ್ಲ, ನೆಟ್ ಇದ್ದರೆ ಹೆಡ್‌ಮಾಸ್ತರು ಮೀಟಿಂಗಿಗೆ ಹೋಗಿದ್ದಾರೆ. ಸೈಬರ್ ಸೆಂಟರಿಗೆ ಬರಲು ಕೂಲಿ ಬಿಟ್ಟು ಬಸ್ಸು ಹತ್ತಬೇಕು. ಎರಡು ಸಲ ಬಂದು ಆಗದಿದ್ದರೆ ಮೂರನೇ ಸಲ ಯಾವ ತಂದೆ ಬರುತ್ತಾನೆ? ಅರ್ಜಿ ಸಾಯುವುದು ಬೆಂಗಳೂರಿನಲ್ಲಲ್ಲ. ಜೆರಾಕ್ಸ್ ಅಂಗಡಿಯ ಬಾಗಿಲಲ್ಲೇ ಸಾಯುತ್ತದೆ.

ಇನ್ನು ಮನೆಯ ಅಡ್ಡಿ. "ಹೆಣ್ಣು ಮಗೂನ ಹದಿನೈದು ದಿನ ಕಾಣದ ಊರಿಗೆ ಕಳಿಸೋದು ಹೆಂಗೆ?" ಎಂಬ ಅಜ್ಜಿಯ ಮಾತನ್ನು ನಗಬಾರದು. ಇಸ್ರೋ ಅತಿಥಿಗೃಹ, ಹಾಸ್ಟೆಲುಗಳಲ್ಲೇ ವಸತಿ, ಬಿಟ್ಟುಬರುವವರಿಗೂ ಪ್ರಯಾಣದ ಖರ್ಚು ಎಂದು ಮಾಸ್ತರೊಬ್ಬರು ಮನೆಗೆ ಹೋಗಿ ಹೇಳಿದರೆ ಅಜ್ಜಿಯೂ ಒಪ್ಪುತ್ತಾಳೆ. ಹೇಳುವವರು ಬೇಕು ಅಷ್ಟೆ. ಇನ್ನು ಕೆಲವು ಖಾಸಗಿ ಶಾಲೆಗಳು ಏಪ್ರಿಲ್-ಮೇನಲ್ಲೇ ಹತ್ತನೇ ಕ್ಲಾಸಿನ ಪಾಠ ಶುರುಮಾಡಿ, ರಜೆಯನ್ನೇ ನುಂಗಿಬಿಡುತ್ತವೆ. 'ಹನ್ನೆರಡು ದಿನ ತಪ್ಪಿದರೆ ರ‍್ಯಾಂಕು ಹೋಗುತ್ತೆ' ಎಂದು ಹೆದರಿಸುವವರಿಗೆ ವಿಜ್ಞಾನವೂ ಬೇಕಿಲ್ಲ, ಮಗುವೂ ಬೇಕಿಲ್ಲ. ಬೇಕಾದ್ದು ಬ್ಯಾನರಿನ ಮೇಲಿನ ಫೋಟೋ.

ಮುನ್ನೂರೈವತ್ತರಲ್ಲಿ ನಮ್ಮ ಪಾಲೆಷ್ಟು?

ಎಲ್ಲ ಸರಿಯಾಗಿ ನಡೆದರೂ ಇನ್ನೊಂದು ಸತ್ಯ ಉಳಿಯುತ್ತದೆ. ಇತ್ತೀಚಿನ ವರ್ಷಗಳಲ್ಲಿ ಯುವಿಕಾ ಸೇರಿಸಿಕೊಂಡ ಮಕ್ಕಳು ಇಡೀ ದೇಶಕ್ಕೆ ಸುಮಾರು 350. ರಾಜ್ಯಗಳು 28, ಕೇಂದ್ರಾಡಳಿತ ಪ್ರದೇಶಗಳು 8. ಸಮನಾಗಿ ಹಂಚಿದರೆ ತಲಾ ಹತ್ತು ಹತ್ತಿರ. ಕರ್ನಾಟಕಕ್ಕೆ ಜಿಲ್ಲೆಗಳು 31. ಮೂರು ಜಿಲ್ಲೆಗೆ ಒಂದು ಮಗು! ಇಂಥ ಲೆಕ್ಕದಲ್ಲಿ ಒಂದು ಇಡೀ ಜಿಲ್ಲೆಯ ವಿಜ್ಞಾನದ ಹಸಿವು ಹಿಂಗುವುದಿಲ್ಲ. ಯುವಿಕಾ ತೋರಿಸಿಕೊಟ್ಟಿರುವುದು ಮಾದರಿಯನ್ನು. ಅದನ್ನು ಊರಿಗೆ ತರುವ ಕೆಲಸ ಊರಿನದು.

ತರಲು ಬೇಕಾದ್ದು ಏನು? ಜಾಗ ಇದೆ. ಕುದಾಪುರದ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ರಾಜ್ಯದ ಮೂಲೆಮೂಲೆಯ ವಿಜ್ಞಾನ ಶಿಕ್ಷಕರು ಬಂದು, ಅಲ್ಲೇ ಉಳಿದು, ಪ್ರಯೋಗ ಕಲಿತು ಹೋಗಿದ್ದಾರೆ. ಶಿಕ್ಷಕರಿಗೆ ಕಲಿಸಿದ ಪ್ರಯೋಗಶಾಲೆ ಮಕ್ಕಳಿಗೂ ಸಾಕು. ಬೇಸಿಗೆಯಲ್ಲಿ ಒಂದೇ ಒಂದು ವಾರ, ಜಿಲ್ಲೆಯ ಪ್ರತಿ ತಾಲ್ಲೂಕಿನ ಸರ್ಕಾರಿ ಶಾಲೆಗಳಿಂದ ಹತ್ತು ಮಕ್ಕಳು, ಅರ್ಧ ಹೆಣ್ಣುಮಕ್ಕಳು. ಆರು ತಾಲ್ಲೂಕಿಗೆ ಅರವತ್ತು ಮಕ್ಕಳು, ಎರಡು ಬಸ್ಸು. ಈ ಶಿಬಿರ ಯಾರದೋ ಉತ್ಸಾಹಕ್ಕೆ ಒಂದು ವರ್ಷ ನಡೆದು ನಿಲ್ಲಬಾರದು. ವರ್ಷಾವರ್ಷದ ಕ್ರಮವಾಗಬೇಕು. ಜಿಲ್ಲಾ ಪಂಚಾಯ್ತಿ ಮನಸ್ಸು ಮಾಡಿದರೆ ಊಟದ ಖರ್ಚು ಒಂದು ಉದ್ಘಾಟನಾ ಸಮಾರಂಭದ ಶಾಮಿಯಾನ, ಹಾರ, ಶಾಲಿನ ಖರ್ಚಿಗಿಂತ ಬಹಳ ಮೇಲೇನೂ ಹೋಗದು.

ಅಲ್ಲಿಯವರೆಗೆ ಕೈಗೆ ಎಟುಕುವ ಕೆಲಸ ಮೂರು. ಒಂದು, ಬಿಇಓ ಕಚೇರಿಯಿಂದ ಜನವರಿಯಲ್ಲೇ ಪ್ರತಿ ಹೈಸ್ಕೂಲಿಗೆ ಯುವಿಕಾ ಸುತ್ತೋಲೆ ಹೋಗಲಿ, ಒಬ್ಬ ಶಿಕ್ಷಕರ ಹೆಸರು ಗೊತ್ತುಮಾಡಲಿ. ಎರಡು, ಎಂಟನೇ ತರಗತಿಯಿಂದಲೇ ಮಕ್ಕಳನ್ನು ವಿಜ್ಞಾನ ಮೇಳಕ್ಕೆ ನಿಲ್ಲಿಸಲಿ, ಶಾಲೆಯಲ್ಲಿ ಸ್ಕೌಟ್-ಗೈಡ್ ದಳ ಜೀವಂತವಾಗಿರಲಿ. ಸ್ಕೌಟಿನ 5 ಅಂದರೆ ಎಂಟನೇ ಕ್ಲಾಸಿನ ಶೇಕಡಾ 10 ಅಂಕಕ್ಕೆ ಸಮ. ಆ ಸಮವಸ್ತ್ರಕ್ಕೆ ಇಷ್ಟು ಬೆಲೆ ಇದೆ ಎಂದು ಎಷ್ಟು ಜನಕ್ಕೆ ಗೊತ್ತು? ಮೂರು, ಕಂಪ್ಯೂಟರ್ ಇಟ್ಟುಕೊಂಡಿರುವ ಅಂಗಡಿಯವರು ಆ ಒಂದು ತಿಂಗಳು ಯುವಿಕಾ ಅರ್ಜಿಗೆ ಕಾಸು ಕೇಳದಿದ್ದರೆ ಅವರ ಗಲ್ಲಕ್ಕೇನೂ ತೂತು ಬೀಳದು.

ಪುಷ್ಪಕ ಮತ್ತೆ ಬಂದು ಇಳಿಯಬಹುದು. ಆಗಲೂ ಬೇಲಿಯ ಆಚೆಯಿಂದ ಮಕ್ಕಳು ಕೈಬೀಸಿ ನೋಡುತ್ತಾರೆ. ಅವರಲ್ಲಿ ಒಬ್ಬಳಾದರೂ ಮುಂದೊಂದು ದಿನ ಬೇಲಿಯ ಒಳಗೆ ನಿಂತು ಅದನ್ನು ಇಳಿಸುವವಳಾಗಬೇಕಾದರೆ ಇವತ್ತು ಮನೆಗೆ ಹೋಗುವ ಬಸ್ಸಿನಲ್ಲಿ ಪಕ್ಕ ಕೂತ ಹೆಡ್‌ಮಾಸ್ತರನ್ನೋ, ಸಾಮಾನು ಕೊಳ್ಳಲು ಅಂಗಡಿಗೆ ಬಂದ ವಿಜ್ಞಾನದ ಮೇಷ್ಟ್ರನ್ನೋ ಒಂದು ಮಾತು ಕೇಳಿದರೆ ಸಾಕು:

"ಸಾರ್, ಈ ಸಲ ಯುವಿಕಾಕ್ಕೆ ನಮ್ಮ ಸ್ಕೂಲಿಂದ ಎಷ್ಟು ಅರ್ಜಿ ಹಾಕಿಸ್ತೀರಿ?"